ಆಸ್ಪತ್ರೆಯಲ್ಲಿ ‘ಕಾರ್ಡ್ ನಡೆಯುವುದಿಲ್ಲ’ ಎಂದರೆ ಮುಂದೇನು? ಆರೋಗ್ಯ ಯೋಜನೆ ಮತ್ತು ಕಾನೂನು ವಿದ್ಯಾರ್ಥಿಯ ಬೇಸಿಗೆ

ಬಿಪಿಎಲ್ ಪಡಿತರ ಚೀಟಿಗಳ ಪರಿಷ್ಕರಣೆಯ ಸುದ್ದಿ ಬಂದಾಗಲೆಲ್ಲ ಚರ್ಚೆ ಅಕ್ಕಿಯ ಸುತ್ತಲೇ ಗಿರಕಿ ಹೊಡೆಯುತ್ತದೆ. 2024ರ ನವೆಂಬರ್‌ನಲ್ಲಿಯೂ ಹಾಗೆಯೇ ಆಯಿತು. ಅನರ್ಹರೆಂದು ಗುರುತಿಸಿ ಕಾರ್ಡ್‌ಗಳನ್ನು ರದ್ದುಪಡಿಸಿದ್ದಕ್ಕೆ ರಾಜ್ಯದಾದ್ಯಂತ ಗದ್ದಲವೆದ್ದಿತು. ಆದಾಯ ತೆರಿಗೆ ಕಟ್ಟುವವರು ಮತ್ತು ಸರ್ಕಾರಿ ನೌಕರರನ್ನು ಬಿಟ್ಟು ಉಳಿದವರ ಕಾರ್ಡ್ ಮುಟ್ಟಬಾರದೆಂದು ಮುಖ್ಯಮಂತ್ರಿ ಸೂಚಿಸಿದ ಮೇಲೆ ಅದು ತಣ್ಣಗಾಯಿತು. ಆದರೆ ಅದೇ ಕಾರ್ಡಿಗೆ ಅಕ್ಕಿಗಿಂತ ಎಷ್ಟೋ ಪಟ್ಟು ದೊಡ್ಡ ಮೊತ್ತವೊಂದು ಜೋತುಬಿದ್ದಿದೆ ಎಂಬುದು ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳ ಬಹಳಷ್ಟು ಕುಟುಂಬಗಳಿಗೆ ಗೊತ್ತಾಗುವುದು ಯಾರಾದರೂ ಆಸ್ಪತ್ರೆ ಸೇರಿದ ದಿನವೇ. ಆ ಮೊತ್ತ, ‘ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ’ ಯೋಜನೆಯಡಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಉಚಿತ ಚಿಕಿತ್ಸೆ.

ಇದರ ಜೊತೆಗೆ ಈಚೆಗೆ ಕೇಳಿಬರುತ್ತಿರುವ ಇನ್ನೊಂದು ವಿಚಾರ, ಸಾರ್ವಜನಿಕ ಆರೋಗ್ಯ ವಿಮೆ ಕ್ಷೇತ್ರದಲ್ಲಿ ಕಾನೂನು ವಿದ್ಯಾರ್ಥಿಗಳಿಗೆ ಬೇಸಿಗೆ ಫೆಲೋಶಿಪ್, ಅಂದರೆ ರಜೆಯಲ್ಲಿ ಕೆಲವು ವಾರ ಅಲ್ಲಿ ಕೆಲಸ ಮಾಡುವ ಅವಕಾಶ. ಅಮೆರಿಕದಲ್ಲಿ ಇದು ರೂಢಿಯಲ್ಲಿರುವ ಪದ್ಧತಿ. ಇಲ್ಲಿನವರಿಗೆ ಗೊಂದಲ ಸಹಜ. ಆಸ್ಪತ್ರೆಯಲ್ಲಿ ವಕೀಲಿ ಓದುವವರಿಗೇನು ಕೆಲಸ? ಕೋರ್ಟ್‌ನಲ್ಲಿ ವಾದಿಸಲು ಅರ್ಹತೆಯೇ ಇಲ್ಲದವರು ರೋಗಿಗೆ ಏನು ಮಾಡಿಕೊಟ್ಟಾರು? ಉತ್ತರ ಕಂಡುಕೊಳ್ಳಬೇಕಾದರೆ ಮೊದಲು ಯೋಜನೆಯ ಕಟ್ಟಡವನ್ನು ಬಿಚ್ಚಿ ನೋಡಬೇಕು.

ಯೋಜನೆ ಮೊದಲು ಬಂದದ್ದು ಇಲ್ಲಿಗೆ

ಬಡವರಿಗೆ ದುಬಾರಿ ಚಿಕಿತ್ಸೆಯ ವೆಚ್ಚವನ್ನು ಸರ್ಕಾರವೇ ಭರಿಸುವ ವಾಜಪೇಯಿ ಆರೋಗ್ಯಶ್ರೀ ಯೋಜನೆ 2010ರಲ್ಲಿ ಮೊದಲು ಜಾರಿಯಾದದ್ದು ಆಗಿನ ಗುಲಬರ್ಗಾ ವಿಭಾಗದಲ್ಲಿ. ರಾಜ್ಯದ ಉಳಿದ ಭಾಗಗಳಿಗೆ ಅದು ಹಬ್ಬಿದ್ದು ಆಮೇಲೆ. ಈ ಹಂತಹಂತದ ಜಾರಿಯಿಂದ ಸಂಶೋಧಕರಿಗೆ ಅಪರೂಪದ ಅವಕಾಶವೊಂದು ದೊರೆಯಿತು. ಯೋಜನೆ ಇದ್ದ ಮತ್ತು ಇಲ್ಲದ ಪ್ರದೇಶಗಳ ಗಡಿಯ ಆಚೀಚಿನ ಹಳ್ಳಿಗಳನ್ನು ಹೋಲಿಸಿದ ಅಧ್ಯಯನವೊಂದು 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾಯಿತು. ಯೋಜನೆಯಡಿ ಬರುವ ಕಾಯಿಲೆಗಳಿಂದಾದ ಸಾವಿನ ಪ್ರಮಾಣ, ಸೌಲಭ್ಯವಿದ್ದ ಬಡ ಕುಟುಂಬಗಳಲ್ಲಿ ಶೇ 0.32 ಇತ್ತು, ಸೌಲಭ್ಯವಿಲ್ಲದ ಬಡ ಕುಟುಂಬಗಳಲ್ಲಿ ಶೇ 0.90. ಹೃದಯ, ಕ್ಯಾನ್ಸರ್, ಕಿಡ್ನಿ ಚಿಕಿತ್ಸೆಗಳಿಗೆ ಕಾರ್ಡ್ ನಡೆಯಿತೋ ಇಲ್ಲವೋ ಎಂಬುದರ ಮೇಲೆ ಎಷ್ಟು ನಿಂತಿದೆ ಎಂಬುದನ್ನು ಈ ಎರಡು ಅಂಕಿಗಳೇ ಹೇಳುತ್ತವೆ.

2018ರ ಮಾರ್ಚ್‌ನಲ್ಲಿ ರಾಜ್ಯದ ‘ಆರೋಗ್ಯ ಕರ್ನಾಟಕ’ ಬಂತು. ಅದೇ ವರ್ಷ ಸೆಪ್ಟೆಂಬರ್ 23ರಂದು ಕೇಂದ್ರದ ಪ್ರಧಾನಮಂತ್ರಿ ಜನ ಆರೋಗ್ಯ ಯೋಜನೆ ಆರಂಭವಾಯಿತು. ಅಕ್ಟೋಬರ್ ಕೊನೆಯಲ್ಲಿ ಎರಡೂ ಒಂದಾದವು. ಪಟ್ಟಿಯಲ್ಲಿದ್ದ ಚಿಕಿತ್ಸೆಗಳು 1,650. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಪೂರ್ಣ ಉಚಿತ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ (ಒಂದು ಚಿಕಿತ್ಸೆಗೆ ಯೋಜನೆ ನಿಗದಿಪಡಿಸಿದ ಒಟ್ಟು ದರ) ಶೇ 30 ಮಾತ್ರ, ಅದೂ ವರ್ಷಕ್ಕೆ 1.5 ಲಕ್ಷದ ಮಿತಿಯೊಳಗೆ.

ಈ ಲೆಕ್ಕ ಸಂಸಾರದೊಳಗೆ ಹೇಗೆ ಇಳಿಯುತ್ತದೆ ಎಂಬುದಕ್ಕೆ ಆಳಂದ ತಾಲ್ಲೂಕಿನ ಒಬ್ಬ ತೊಗರಿ ಬೆಳೆಗಾರನನ್ನು ಕಲ್ಪಿಸಿಕೊಳ್ಳೋಣ. ಅವನದು ಎಂಟು ಎಕರೆ ಮಳೆಯಾಶ್ರಿತ ಭೂಮಿ. ಬಿಪಿಎಲ್ ಪಟ್ಟಿಯಿಂದ ಹೊರಗಿಡುವ ಮಾನದಂಡಗಳಲ್ಲಿ 3 ಹೆಕ್ಟೇರ್‌ಗಿಂತ ಹೆಚ್ಚು ಒಣಭೂಮಿ ಎಂಬುದೂ ಒಂದು. ಅಂದರೆ ಸುಮಾರು ಏಳೂವರೆ ಎಕರೆ. ನೆಟೆ ರೋಗ ಬಂದು ತೊಗರಿ ನೆಲದಲ್ಲೇ ಒಣಗಿದ ವರ್ಷದಲ್ಲೂ ಪಹಣಿಯಲ್ಲಿ ಎಂಟು ಎಕರೆ ಎಂಟು ಎಕರೆಯಾಗಿಯೇ ಇರುತ್ತದೆ. ಪರಿಷ್ಕರಣೆಯಲ್ಲಿ ಅವನ ಕಾರ್ಡ್ ಎಪಿಎಲ್ ಆದರೆ, ಒಂದು ಲಕ್ಷ ರೂಪಾಯಿಯ ಚಿಕಿತ್ಸೆಗೆ ಸರ್ಕಾರ ಕೊಡುವುದು 30 ಸಾವಿರ. ಉಳಿದ 70 ಸಾವಿರ ಅವನ ಹೆಗಲಿಗೆ. ಪಡಿತರ ಚೀಟಿಯ ವರ್ಗ ಬದಲಿಸುವವರು ಆಹಾರ ಇಲಾಖೆಯವರು. ಅದರ ಪೆಟ್ಟು ಬೀಳುವುದು ಆರೋಗ್ಯ ಇಲಾಖೆಯ ಕೌಂಟರ್‌ನಲ್ಲಿ. ಎರಡು ಇಲಾಖೆಗಳ ನಡುವಿನ ಈ ಬಿರುಕಿನಲ್ಲಿಯೇ ರೋಗಿ ಸಿಕ್ಕಿಬೀಳುವುದು.

ನಿರಾಕರಣೆ ಹೇಗೆ ನಡೆಯುತ್ತದೆ

ವರ್ಗ ಬದಲಾವಣೆ ಒಂದೇ ಕಾರಣವಲ್ಲ. ಈ ಭಾಗದಲ್ಲಿ ಹೆಸರುಗಳೇ ಒಂದು ದೊಡ್ಡ ತೊಡಕು. ಪಡಿತರ ಚೀಟಿಯಲ್ಲಿ ‘ಶರಣಬಸಪ್ಪ’ ಎಂದಿದ್ದವರು ಆಧಾರ್‌ನಲ್ಲಿ ‘ಶರಣಪ್ಪ’ ಆಗಿರುತ್ತಾರೆ. ಮದುವೆಯಾಗಿ ಗಡಿಯಾಚೆಯ ತೆಲಂಗಾಣದಿಂದ ಚಿಂಚೋಳಿಗೆ ಬಂದ ಸೊಸೆಯ ಹೆಸರು ಇನ್ನೂ ತವರಿನ ಕಾರ್ಡ್‌ನಲ್ಲಿ ಉಳಿದಿರುತ್ತದೆ. ಗುಳೆ ಹೋದ ಕುಟುಂಬದ ಇ-ಕೆವೈಸಿ (ಆಧಾರ್ ಮೂಲಕ ಗುರುತಿನ ದೃಢೀಕರಣ) ಆಗಿರುವುದಿಲ್ಲ. ದತ್ತಾಂಶದ ದೋಷ ನಮ್ಮಲ್ಲಷ್ಟೇ ಅಲ್ಲ. 2023ರಲ್ಲಿ ಸಂಸತ್ತಿಗೆ ಸಲ್ಲಿಕೆಯಾದ ಮಹಾಲೇಖಪಾಲರ ವರದಿ, ದೇಶದಲ್ಲಿ ಜನ ಆರೋಗ್ಯ ಯೋಜನೆಯ ಸುಮಾರು ಏಳೂವರೆ ಲಕ್ಷ ಫಲಾನುಭವಿಗಳ ಹೆಸರು ಒಂದೇ ಮೊಬೈಲ್ ಸಂಖ್ಯೆಗೆ ಜೋಡಣೆಯಾಗಿದ್ದನ್ನು ಎತ್ತಿ ತೋರಿಸಿತ್ತು.

ಆಮೇಲೆ ರೆಫರಲ್. ಸರ್ಕಾರಿ ಆಸ್ಪತ್ರೆಯಲ್ಲಿ ಸಿಗುವ ಚಿಕಿತ್ಸೆಯನ್ನು ಅಲ್ಲಿಯೇ ಪಡೆಯಬೇಕು. ಅಲ್ಲಿ ಸೌಲಭ್ಯವಿಲ್ಲದಿದ್ದರೆ ಅಲ್ಲಿನ ವೈದ್ಯರು ರೆಫರಲ್ ಚೀಟಿ ಕೊಟ್ಟ ಮೇಲೆಯೇ ನೋಂದಾಯಿತ ಖಾಸಗಿ ಆಸ್ಪತ್ರೆಗೆ ಹೋಗಬೇಕು. ಈ ನಿಯಮಕ್ಕೆ ಕಾರಣವಿದೆ. ಅದಿಲ್ಲದಿದ್ದರೆ ಕಲಬುರಗಿಯ ಜಿಮ್ಸ್, ಬೀದರ್‌ನ ಬ್ರಿಮ್ಸ್‌ನಂಥ ಸರ್ಕಾರಿ ವೈದ್ಯಕೀಯ ಸಂಸ್ಥೆಗಳಿಗೆ ಬರಬೇಕಾದ ಹಣವೆಲ್ಲ ಖಾಸಗಿಯವರತ್ತ ಹರಿಯುತ್ತಿತ್ತು. ತುರ್ತು ಚಿಕಿತ್ಸೆಗಳ ಪಟ್ಟಿ ಪ್ರತ್ಯೇಕವಾಗಿದೆ, ಅವಕ್ಕೆ ರೆಫರಲ್ ಬೇಡ. ಆದರೆ ಎದೆನೋವೆಂದು ರಾತ್ರಿ ಹನ್ನೊಂದಕ್ಕೆ ಬಂದ ರೋಗಿಯ ಕಡೆಯವರಿಗೆ ಆ ಪಟ್ಟಿಯ ವಿಷಯ ಯಾರು ಹೇಳಬೇಕು? ಆಸ್ಪತ್ರೆಯಲ್ಲಿರುವ ಆರೋಗ್ಯ ಮಿತ್ರರು, ಅಂದರೆ ಯೋಜನೆಯ ಸಹಾಯ ಸಿಬ್ಬಂದಿ, ಹೇಳಬೇಕು. ಅವರು ಆ ಹೊತ್ತಿನಲ್ಲಿ ಇದ್ದರೆ.

ಇನ್ನೊಂದು ಬಗೆ, ಕಾರ್ಡ್ ಒಪ್ಪಿಕೊಂಡೂ ಹಣ ಕೇಳುವುದು. ಪ್ಯಾಕೇಜ್ ದರದಲ್ಲಿ ಹಾಸಿಗೆ, ಔಷಧಿ, ತಪಾಸಣೆ ಎಲ್ಲವೂ ಸೇರಿರುತ್ತದೆ. ಆದರೂ ಹೊರಗಿನ ಮೆಡಿಕಲ್ ಅಂಗಡಿಯಿಂದ ಔಷಧಿ ತರಿಸುವುದುಂಟು. ‘ಡಿಪಾಸಿಟ್’ ಕೇಳಿ ರಸೀದಿ ಕೊಡದಿರುವುದುಂಟು. ನೋಂದಾಯಿತ ಆಸ್ಪತ್ರೆ ಹೀಗೆ ಮಾಡಿದರೆ ಹಣ ಹಿಂದಿರುಗಿಸಬೇಕು, ದಂಡ ತೆರಬೇಕು. ತಪ್ಪು ಮರುಕಳಿಸಿದರೆ ಪಟ್ಟಿಯಿಂದ ಹೊರಬೀಳಬೇಕು. ನಿಯಮ ಸ್ಪಷ್ಟವಾಗಿದೆ, ಆದರೆ ಅದು ಚಾಲನೆಗೆ ಬರುವುದು ದೂರು ದಾಖಲಾದಾಗ.

ಇಲ್ಲೆಲ್ಲ ಸಮಾನವಾದ ಅಂಶವೊಂದಿದೆ. ನಿರಾಕರಣೆ ಬಹುಪಾಲು ಬಾಯಿಮಾತಿನಲ್ಲಿ ನಡೆಯುತ್ತದೆ. ‘ಈ ಕಾರ್ಡ್ ನಡೆಯುವುದಿಲ್ಲ’, ‘ಅಪ್ರೂವಲ್ ಬಂದಿಲ್ಲ’, ‘ಸರ್ವರ್ ಇಲ್ಲ’. ಯಾರು ಹೇಳಿದರು, ಯಾವ ದಿನ, ಯಾವ ಕಾರಣಕ್ಕೆ ಎಂಬುದಕ್ಕೆ ಕಾಗದವಿಲ್ಲ. ಕಾಗದವಿಲ್ಲದ ಮೇಲೆ ಮೇಲ್ಮನವಿಯೂ ಇಲ್ಲ. ನನ್ನ ದೃಷ್ಟಿಯಲ್ಲಿ ಇಡೀ ಸಮಸ್ಯೆಯ ಬೇರು ಇರುವುದು ಇಲ್ಲಿಯೇ.

ವಾಡಿಯ ಕಾರ್ಮಿಕನಿಗೆ ಇರುವುದು, ಆಳಂದದ ರೈತನಿಗೆ ಇಲ್ಲದ್ದು

ಒಂದೇ ಜಿಲ್ಲೆಯ ಇಬ್ಬರನ್ನು ಅಕ್ಕಪಕ್ಕ ನಿಲ್ಲಿಸಿದರೆ ಕಾನೂನಿನ ಚಿತ್ರ ತಿಳಿಯಾಗುತ್ತದೆ. ವಾಡಿ ಅಥವಾ ಸೇಡಂನ ಸಿಮೆಂಟ್ ಕಾರ್ಖಾನೆಯಲ್ಲಿ ತಿಂಗಳಿಗೆ 21 ಸಾವಿರದೊಳಗೆ ಸಂಬಳ ಪಡೆಯುವ ಕಾರ್ಮಿಕ 1948ರ ಕಾಯ್ದೆಯಿಂದ ಹುಟ್ಟಿದ, ಈಗ ಸಾಮಾಜಿಕ ಭದ್ರತಾ ಸಂಹಿತೆಯಡಿ ಬರುವ ನೌಕರರ ರಾಜ್ಯ ವಿಮೆಯ (ಇಎಸ್‌ಐ) ರಕ್ಷಣೆಯಲ್ಲಿರುತ್ತಾನೆ. ಅವನ ಸಂಬಳದಿಂದ ಶೇ 0.75, ಮಾಲೀಕರಿಂದ ಶೇ 3.25 ವಂತಿಗೆ ಹೋಗುತ್ತದೆ. ಸೌಲಭ್ಯ ಸಿಗದಿದ್ದರೆ ದೂರು ಒಯ್ಯಲು ನೌಕರರ ವಿಮಾ ನ್ಯಾಯಾಲಯವೇ ಇದೆ. ಅವನ ಹಕ್ಕು ಶಾಸನದಲ್ಲಿ ಬರೆದಿಟ್ಟದ್ದು.

ತೊಗರಿ ಬೆಳೆಗಾರನ ಆರೋಗ್ಯ ಕಾರ್ಡಿನ ಹಿಂದೆ ಅಂಥ ಶಾಸನ ಇಲ್ಲ. ಇರುವುದು ಸರ್ಕಾರದ ಆದೇಶಗಳು ಮತ್ತು ಮಾರ್ಗಸೂಚಿಗಳು. ಯೋಜನೆಯನ್ನು ನಡೆಸುವುದು ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್. ನಡುವೆ ವಿಮಾ ಕಂಪನಿ ಇಲ್ಲ, ಫಲಾನುಭವಿ ಕಟ್ಟಿದ ಪ್ರೀಮಿಯಂ ಇಲ್ಲ. ಟ್ರಸ್ಟ್ ನೇರವಾಗಿ ಆಸ್ಪತ್ರೆಗೆ ಹಣ ಪಾವತಿಸುತ್ತದೆ. ಕಂಪನಿಯ ಲಾಭದ ಪಾಲು ಉಳಿಯುವುದರಿಂದ ಸರ್ಕಾರದ ಬೊಕ್ಕಸಕ್ಕೆ ಇದು ಒಳ್ಳೆಯದು. ಆದರೆ ಖಾಸಗಿ ವಿಮೆಯ ತಗಾದೆಗಳನ್ನು ವಿಚಾರಿಸುವ ವಿಮಾ ಓಂಬುಡ್ಸ್‌ಮನ್ ಬಾಗಿಲು ಇವರಿಗೆ ತೆರೆಯುವುದಿಲ್ಲ. ಉಳಿಯುವುದು ಯೋಜನೆಯೊಳಗಿನ ದೂರು ವ್ಯವಸ್ಥೆ: 14555 ಸಹಾಯವಾಣಿ, ಜಿಲ್ಲಾ ದೂರು ಪರಿಹಾರ ಸಮಿತಿ, ಅದರ ಮೇಲೆ ರಾಜ್ಯ ಸಮಿತಿ. ಇವೆಲ್ಲ ಅರ್ಜಿ, ದಾಖಲೆ, ದಿನಾಂಕಗಳ ಮೇಲೆ ನಡೆಯುವ ಜಾಗಗಳು.

ಸಂವಿಧಾನದ ಬಲವಂತೂ ಇದ್ದೇ ಇದೆ. ರೈಲಿನಿಂದ ಬಿದ್ದ ಕೂಲಿ ಕಾರ್ಮಿಕನೊಬ್ಬನಿಗೆ ಒಂದರ ನಂತರ ಒಂದು ಸರ್ಕಾರಿ ಆಸ್ಪತ್ರೆ ಹಾಸಿಗೆ ಇಲ್ಲವೆಂದು ಹೇಳಿ ಕಳುಹಿಸಿದ ಪ್ರಕರಣದಲ್ಲಿ, ಸಕಾಲಕ್ಕೆ ತುರ್ತು ಚಿಕಿತ್ಸೆ ಕೊಡದಿರುವುದು ಜೀವಿಸುವ ಹಕ್ಕಿನ ಉಲ್ಲಂಘನೆ ಎಂದು ಸುಪ್ರೀಂ ಕೋರ್ಟ್ 1996ರಲ್ಲಿ ಹೇಳಿತು. ಅದು ಪಶ್ಚಿಮ ಬಂಗಾ ಖೇತ್ ಮಜ್ದೂರ್ ಸಮಿತಿ ಪ್ರಕರಣ. 2023ರಲ್ಲಿ ರಾಜಸ್ಥಾನ ಆರೋಗ್ಯ ಹಕ್ಕಿನ ಕಾಯ್ದೆಯನ್ನೇ ತಂದಿತು. ಕಲಬುರಗಿಯಲ್ಲಿ 2008ರಿಂದ ಸಂಚಾರಿಯಾಗಿ, 2013ರಿಂದ ಕಾಯಂ ಆಗಿ ಹೈಕೋರ್ಟ್ ಪೀಠವಿದೆ. ಮೊದಲಿನಂತೆ ರಿಟ್ ಅರ್ಜಿಗಾಗಿ (ಹಕ್ಕಿನ ರಕ್ಷಣೆ ಕೋರಿ ನೇರವಾಗಿ ಹೈಕೋರ್ಟ್‌ಗೆ ಸಲ್ಲಿಸುವ ಅರ್ಜಿ) ಬೆಂಗಳೂರಿನ ರೈಲು ಹತ್ತಬೇಕಿಲ್ಲ. ಆದರೆ ಸ್ಟೆಂಟ್ ಹಾಕಿಸಬೇಕಾದವನಿಗೆ ರಿಟ್ ಸಲ್ಲಿಸುವಷ್ಟು ಸಮಯ ಎಲ್ಲಿದೆ?

ಅಮೆರಿಕದ ಮಾದರಿ ಏನನ್ನು ನೆಚ್ಚಿಕೊಂಡಿದೆ

ಅಲ್ಲಿ ಬಡವರ ಸರ್ಕಾರಿ ಆರೋಗ್ಯ ವಿಮೆ ಮೆಡಿಕೇಡ್ 1965ರಿಂದ ಶಾಸನಬದ್ಧವಾಗಿ ನಡೆಯುತ್ತಿದೆ. ಸೌಲಭ್ಯ ನಿರಾಕರಿಸಿದರೆ ಅಥವಾ ಕಡಿತ ಮಾಡಿದರೆ ಕಾರಣ ತಿಳಿಸಿ ಲಿಖಿತ ನೋಟಿಸ್ ಕೊಡಬೇಕು, ವಿಚಾರಣೆ ಕೋರುವ ಹಕ್ಕಿದೆ ಎಂದೂ ಅದರಲ್ಲಿ ತಿಳಿಸಬೇಕು. ಆ ವಿಚಾರಣೆಯಲ್ಲಿ ಅರ್ಜಿದಾರರ ಪರ ಮಾತನಾಡಲು ವಕೀಲರೇ ಆಗಬೇಕಿಲ್ಲ. ಬಂಧುವೋ ಸ್ನೇಹಿತರೋ ಇನ್ನಾವುದೇ ಪ್ರತಿನಿಧಿಯೋ ಮಾತನಾಡಬಹುದು. ಆದ್ದರಿಂದಲೇ ಕಾನೂನು ವಿದ್ಯಾರ್ಥಿ ಅಲ್ಲಿ ನಿಜವಾದ ಕೆಲಸ ಮಾಡಬಲ್ಲ. 1993ರಲ್ಲಿ ಬಾಸ್ಟನ್‌ನ ಆಸ್ಪತ್ರೆಯೊಂದರ ಮಕ್ಕಳ ವೈದ್ಯರು ವಕೀಲರನ್ನು ತಮ್ಮ ವಿಭಾಗಕ್ಕೇ ಕರೆಸಿಕೊಂಡರು. ಥಂಡಿ ಹಿಡಿದ ಬಾಡಿಗೆ ಮನೆಯಲ್ಲಿರುವ ಮಗುವಿನ ಉಬ್ಬಸ ಬರೀ ಔಷಧಿಯಿಂದ ವಾಸಿಯಾಗದು ಎಂಬುದು ಅವರ ಅನುಭವವಾಗಿತ್ತು. ವೈದ್ಯರು ಮತ್ತು ವಕೀಲರ ಈ ಜಂಟಿ ಪದ್ಧತಿ ಮುಂದೆ ಆ ದೇಶದ ಬೇರೆ ಆಸ್ಪತ್ರೆಗಳಿಗೂ ಹಬ್ಬಿತು.

ಫೆಲೋಶಿಪ್ ಎಂಬ ಮೇಲ್ನೋಟದ ಚೌಕಟ್ಟನ್ನಷ್ಟೇ ಇಲ್ಲಿಗೆ ತಂದರೆ ಸಾಲದು ಎಂದು ನಾನು ಹೇಳುವುದು ಇದಕ್ಕಾಗಿಯೇ. ಅಲ್ಲಿನ ವಿದ್ಯಾರ್ಥಿಯ ಕೈಯಲ್ಲಿ ನಿರಾಕರಣೆಯ ನೋಟಿಸ್ ಇರುತ್ತದೆ. ಇಲ್ಲಿ ಆ ಕಾಗದ ಹುಟ್ಟುವಂತೆ ಮಾಡುವುದೇ ಮೊದಲ ಕೆಲಸ.

ಇಲ್ಲಿನ ವಿದ್ಯಾರ್ಥಿ ಏನು ಮಾಡಬಲ್ಲ

ವಕೀಲರ ಕಾಯ್ದೆಯಂತೆ ಸನ್ನದು ಇಲ್ಲದವರು ವಕೀಲಿ ಮಾಡುವಂತಿಲ್ಲ. ಅರ್ಜಿ ಬರೆದುಕೊಡುವುದಕ್ಕೆ, ದಾಖಲೆ ಜೋಡಿಸುವುದಕ್ಕೆ ಈ ತಡೆ ಇಲ್ಲ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಡಿ ಅರೆ-ಕಾನೂನು ಸ್ವಯಂಸೇವಕರ (ಪ್ಯಾರಾ ಲೀಗಲ್ ವಾಲಂಟಿಯರ್) ಪದ್ಧತಿ ಇದ್ದು, ಕಾನೂನು ವಿದ್ಯಾರ್ಥಿಗಳಿಗೂ ಅದರಲ್ಲಿ ಅವಕಾಶವಿದೆ. ಕಲಬುರಗಿಯ ಸೇಠ್ ಶಂಕರಲಾಲ್ ಲಾಹೋಟಿ ಕಾನೂನು ಕಾಲೇಜಿನಂಥ ಹಳೆಯ ಸಂಸ್ಥೆಗಳು ಕೈಯಳತೆಯಲ್ಲೇ ಇವೆ. ಕನ್ನಡದ ಜೊತೆಗೆ ಉರ್ದು, ಮರಾಠಿ, ತೆಲುಗು, ಲಂಬಾಣಿ ಬಲ್ಲ ವಿದ್ಯಾರ್ಥಿಗಳು ಈ ಭಾಗದಲ್ಲಿ ಹೇರಳ. ಬೀದರ್‌ನ ಆಸ್ಪತ್ರೆಯೊಂದರಲ್ಲಿ ಅದು ಎಂಥ ಉಪಯೋಗವೆಂದು ವಿವರಿಸಬೇಕಿಲ್ಲ.

ತಿಳಿವಳಿಕೆಯುಳ್ಳ ವಿದ್ಯಾರ್ಥಿಯೊಬ್ಬಳು ನಮ್ಮ ತೊಗರಿ ಬೆಳೆಗಾರನ ಕಾಗದಗಳನ್ನು ಕೈಗೆತ್ತಿಕೊಂಡರೆ ಏನೇನು ಕಂಡೀತು ಎಂದು ನೋಡೋಣ. ಮೊದಲಿಗೆ, ಆರೋಗ್ಯ ಯೋಜನೆಗೆ ಶಾಸನ ಇಲ್ಲದಿದ್ದರೂ ಪಡಿತರಕ್ಕೆ ಇದೆ: 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆ. ಅದರಡಿ ಜಿಲ್ಲಾ ದೂರು ಪರಿಹಾರ ಅಧಿಕಾರಿಗೆ ದೂರು ಕೊಡಬಹುದು, ಅಲ್ಲಿಂದ ರಾಜ್ಯ ಆಹಾರ ಆಯೋಗಕ್ಕೆ ಮೇಲ್ಮನವಿ ಹೋಗಬಹುದು. ಕಾರ್ಡಿನ ವರ್ಗ ಬದಲಿಸುವ ಮುನ್ನ ನೋಟಿಸ್ ಕೊಟ್ಟಿದ್ದರೇ, ಹೇಳಿಕೆ ಕೇಳಿದ್ದರೇ ಎಂಬ ಪ್ರಶ್ನೆಯನ್ನು ಅಲ್ಲಿ ಎತ್ತಬಹುದು. ಆಸ್ಪತ್ರೆಯ ಬಾಗಿಲಲ್ಲಿ ಸೋತ ಪ್ರಕರಣಕ್ಕೆ ಆಹಾರ ಇಲಾಖೆಯ ಬಾಗಿಲಲ್ಲಿ ದಾರಿ ಸಿಗುವುದು ಹೀಗೆ.

ಎರಡನೆಯದಾಗಿ, ಅದೇ ಕಾಯ್ದೆಯ 13ನೆಯ ಕಲಮಿನ ಪ್ರಕಾರ ಪಡಿತರ ಚೀಟಿಯಲ್ಲಿ ಕುಟುಂಬದ ಯಜಮಾನಿ ಮನೆಯ ಹಿರಿಯ ಮಹಿಳೆ. ಉಚಿತ ಕಾನೂನು ನೆರವಿಗೆ ಪುರುಷರಿಗಾದರೆ ಬಹುತೇಕ ಆದಾಯದ ಮಿತಿ ಅಡ್ಡ ಬರುತ್ತದೆ. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆ ಮಿತಿಯೇ ಇಲ್ಲ. ಎಂಟು ಎಕರೆಯ ಕಾರಣಕ್ಕೆ ರೈತನಿಗೆ ನೆರವು ಸಿಗದೇ ಹೋದರೂ ಯಜಮಾನಿಯಾದ ಅವನ ಹೆಂಡತಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಹಾಕಿ ವಕೀಲರನ್ನು ಪಡೆಯಬಹುದು. ಇಂಥ ದಾರಿ ಕಾಣಬೇಕಾದರೆ ಎರಡು ಕಾಯ್ದೆಗಳನ್ನು ಒಟ್ಟಿಗೆ ಓದಿದವರು ಬೇಕು. ಆರೋಗ್ಯ ಮಿತ್ರರಿಂದ ಇದನ್ನು ನಿರೀಕ್ಷಿಸುವುದು ಅನ್ಯಾಯ.

ಮುಂದಿನದು ಮಾಹಿತಿ ಹಕ್ಕು. ಸಾಮಾನ್ಯ ಅರ್ಜಿಗೆ 30 ದಿನ ಗಡುವಿದ್ದರೆ, ಜೀವ ಅಥವಾ ಸ್ವಾತಂತ್ರ್ಯಕ್ಕೆ ಸಂಬಂಧಿಸಿದ ಮಾಹಿತಿಯನ್ನು 48 ಗಂಟೆಗಳೊಳಗೆ ಕೊಡಬೇಕು. ಟ್ರಸ್ಟ್ ಪೂರ್ವಾನುಮತಿ ತಿರಸ್ಕರಿಸಿದ್ದಕ್ಕೆ ಕಾರಣವೇನು ಎಂಬ ಒಂದೇ ಪ್ರಶ್ನೆಯ ಅರ್ಜಿ, ವೈದ್ಯರ ಚೀಟಿಯ ಪ್ರತಿಯೊಂದಿಗೆ, ಆ ಕಲಮನ್ನು ಉಲ್ಲೇಖಿಸಿ ಹೋದರೆ ನಿರಾಕರಣೆ ಕಾಗದದ ಮೇಲೆ ಬರಲೇಬೇಕಾಗುತ್ತದೆ. ಖಾಸಗಿ ಆಸ್ಪತ್ರೆ ಹಣ ವಸೂಲಿ ಮಾಡಿದ್ದರೆ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಪ್ರಾಧಿಕಾರಕ್ಕೆ ದೂರು ಕೊಡಬಹುದು. ಆಸ್ಪತ್ರೆ ಸೇವೆಯ ವ್ಯಾಜ್ಯಗಳಿಗೆ ಕಾಯಂ ಜನತಾ ನ್ಯಾಯಾಲಯವೂ ಇದೆ. ರಾಜಿ ಆಗದಿದ್ದರೆ ಅದು ತೀರ್ಪನ್ನೇ ಕೊಡಬಲ್ಲದು.

ಆಕ್ಷೇಪಗಳು

ಖಾಸಗಿ ಆಸ್ಪತ್ರೆಗಳ ವಾದವನ್ನು ತಳ್ಳಿಹಾಕುವಂತಿಲ್ಲ. ಪ್ಯಾಕೇಜ್ ದರ ಕಡಿಮೆ, ಬಿಲ್ ಪಾವತಿ ತಡ, ಇದರ ಮೇಲೆ ದೂರುಗಳ ಸುರಿಮಳೆಯೂ ಆದರೆ ಯೋಜನೆಯಿಂದಲೇ ಹೊರಗೆ ಹೋಗುತ್ತೇವೆ ಎನ್ನುತ್ತಾರೆ ಅವರು. ದೊಡ್ಡ ನಗರದಲ್ಲಿ ಒಂದು ಆಸ್ಪತ್ರೆ ಹೊರಹೋದರೆ ಇನ್ನೊಂದು ಇರುತ್ತದೆ. ಯಾದಗಿರಿಯಂಥ ಜಿಲ್ಲೆಯಲ್ಲಿ ಒಂದು ಹೊರಹೋದರೆ ರೋಗಿ ರಾಯಚೂರಿಗೋ ಕಲಬುರಗಿಗೋ ಹೋಗಬೇಕು. ಆದ್ದರಿಂದ ಪ್ರತಿ ತಕರಾರನ್ನೂ ಜಗಳವಾಗಿಸುವ ಫೆಲೋಶಿಪ್ ಈ ಭಾಗಕ್ಕೆ ಹೊಂದದು. ಹೆಸರಿನ ವ್ಯತ್ಯಾಸ, ರೆಫರಲ್ ಚೀಟಿಯಂಥವನ್ನು ಅಲ್ಲಿಯೇ ಸರಿಪಡಿಸಿದರೆ ಆಸ್ಪತ್ರೆಗೂ ಬಿಲ್ ತಿರಸ್ಕಾರ ತಪ್ಪುತ್ತದೆ, ಅದು ಅವರಿಗೂ ಲಾಭವೇ.

ಆರೋಗ್ಯ ಚಳವಳಿಗಾರರ ಆಕ್ಷೇಪ ಬೇರೆ. ಹಾಸಿಗೆ, ತಜ್ಞ ವೈದ್ಯರು ಇಲ್ಲದ ಕಡೆ ಅರ್ಜಿ ಬರೆದು ಏನು ಪ್ರಯೋಜನ ಎಂದು ಅವರು ಕೇಳುತ್ತಾರೆ. ಕಲಬುರಗಿಯಲ್ಲಿ ಜಯದೇವ ಹೃದ್ರೋಗ ಸಂಸ್ಥೆಯ ಹೊಸ ಆಸ್ಪತ್ರೆ 2024ರ ಡಿಸೆಂಬರ್‌ನಲ್ಲಿ ಉದ್ಘಾಟನೆಯಾಗಿದೆ, ಇಎಸ್‌ಐ ವೈದ್ಯಕೀಯ ಕಾಲೇಜಿದೆ, ಯಾದಗಿರಿಯಲ್ಲೂ ವೈದ್ಯಕೀಯ ಕಾಲೇಜು ಬಂದಿದೆ. ಕೊರತೆ ಇನ್ನೂ ಇದೆ, ನಿಜ. ಆದರೆ ಕೊರತೆ ಎಲ್ಲಿ, ಎಷ್ಟು ಎಂಬುದಕ್ಕೆ ಲಿಖಿತ ನಿರಾಕರಣೆಗಳ ದಾಖಲೆಗಿಂತ ಗಟ್ಟಿಯಾದ ಸಾಕ್ಷ್ಯ ಬೇರೆ ಯಾವುದಿದ್ದೀತು? ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನಮಾನ ಕೊಡುವ ಸಂವಿಧಾನದ 371ಜೆ ವಿಧಿಯಡಿ ಬರುವ ಅನುದಾನವನ್ನು ಎಲ್ಲಿ ಖರ್ಚು ಮಾಡಬೇಕು ಎಂಬ ಚರ್ಚೆಗೂ ಅದು ಬೇಕು.

ಬೇಸಿಗೆಯ ಲೆಕ್ಕ

ನಿಜವಾದ ಅಡಚಣೆ ಕಾಲದ್ದು. ಭಾರತೀಯ ವಕೀಲರ ಪರಿಷತ್ತಿನ ನಿಯಮದಂತೆ ಮೂರು ವರ್ಷದ ಕೋರ್ಸಿನವರು ಒಟ್ಟು 12 ವಾರ, ಐದು ವರ್ಷದವರು 20 ವಾರ ಇಂಟರ್ನ್‌ಶಿಪ್ ಮಾಡಬೇಕು. ಆದರೆ ಯಾವುದೇ ವರ್ಷದಲ್ಲಿ ಅದು ಸತತ ನಾಲ್ಕು ವಾರ ಮೀರುವಂತಿಲ್ಲ. ಮಾಹಿತಿ ಹಕ್ಕಿನ ಸಾಮಾನ್ಯ ಅರ್ಜಿಗೇ 30 ದಿನ. ಅಂದರೆ ಮೊದಲ ದಿನ ಹಾಕಿದ ಅರ್ಜಿಗೂ ಉತ್ತರ ಬರುವ ಹೊತ್ತಿಗೆ ಆ ವಿದ್ಯಾರ್ಥಿಯ ಅವಧಿ ಮುಗಿದಿರುತ್ತದೆ. ರೋಗಿ ಮಾತ್ರ ಉಳಿದಿರುತ್ತಾನೆ.

ಕಲಬುರಗಿಯ ಬೇಸಿಗೆಗೆ ಇನ್ನೊಂದು ವಿಶೇಷವಿದೆ. ಬಿಸಿಲು ನಲವತ್ತು ಡಿಗ್ರಿ ದಾಟುವ ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ಈ ವಿಭಾಗದ ಸರ್ಕಾರಿ ಕಚೇರಿಗಳ ವೇಳೆ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಾಗುತ್ತದೆ. ಹೈಕೋರ್ಟ್‌ಗೆ ಬೇಸಿಗೆ ರಜೆ. ಕೋರ್ಟ್ ಕಲಾಪ ನೋಡಲು ಬರುವ ವಿದ್ಯಾರ್ಥಿಗೆ ಇದು ಬರಡು ಕಾಲ. ಆದರೆ ಆಹಾರ ಇಲಾಖೆ, ಜಿಲ್ಲಾ ಆರೋಗ್ಯಾಧಿಕಾರಿ ಕಚೇರಿ ತೆರೆದಿರುತ್ತವೆ, ಆಸ್ಪತ್ರೆ ಹಗಲೂ ರಾತ್ರಿ ತೆರೆದಿರುತ್ತದೆ. ಬೆಳಿಗ್ಗೆ ಕಚೇರಿ, ಸಂಜೆ ಆಸ್ಪತ್ರೆಯ ಸಹಾಯ ಕೇಂದ್ರ ಎಂದು ದಿನವನ್ನು ಹೊಂದಿಸಿಕೊಂಡರೆ ನಾಲ್ಕು ವಾರದಲ್ಲಿ ಸಾಕಷ್ಟು ಕೆಲಸ ಸಾಗೀತು.

ಏನಾಗಬಹುದು

ಎರಡು ದಾರಿಗಳಿವೆ. ಪ್ರಮಾಣಪತ್ರಕ್ಕಾಗಿ ಬಂದು, ವರದಿ ಬರೆದು, ಗುಂಪು ಫೋಟೊ ತೆಗೆಸಿಕೊಂಡು ಹೋಗುವ ಕಾರ್ಯಕ್ರಮವಾದರೆ ಆರೋಗ್ಯ ಮಿತ್ರರ ಮೇಜಿನ ಮುಂದೆ ಇನ್ನೊಂದು ಕುರ್ಚಿ ಹೆಚ್ಚಾಗುತ್ತದೆ, ಅಷ್ಟೆ. ಶಿಷ್ಯವೇತನ ಇಲ್ಲದಿದ್ದರೆ ಬರುವವರು ಊರಲ್ಲೇ ಮನೆ ಇರುವ, ಉಂಡುಟ್ಟು ಸುಖವಾಗಿರುವ ಮನೆಯ ಮಕ್ಕಳು ಮಾತ್ರ. ಸುರಪುರದ ತಾಂಡಾದಿಂದ ಬಂದು ಹಾಸ್ಟೆಲಿನಲ್ಲಿದ್ದು ಓದುವ ಹುಡುಗಿಗೆ ರಜೆಯಲ್ಲಿ ಹಾಸ್ಟೆಲ್ ಮುಚ್ಚಿದರೆ ತಂಗುವುದೆಲ್ಲಿ? ಆ ಹುಡುಗಿಗೆ ಗೊತ್ತಿರುವಷ್ಟು ಪಡಿತರ ಚೀಟಿಯ ಪಾಡು ಬೇರೆ ಯಾರಿಗೂ ಗೊತ್ತಿರುವುದಿಲ್ಲ.

ಇನ್ನೊಂದು ದಾರಿಗೆ ಹೊಸ ಕಾಯ್ದೆ ಬೇಕಿಲ್ಲ. ಟ್ರಸ್ಟ್ ಒಂದು ಸುತ್ತೋಲೆ ಹೊರಡಿಸಬೇಕು: ಕಾರ್ಡ್ ಒಪ್ಪದಿದ್ದರೆ ಆಸ್ಪತ್ರೆ ಕಾರಣ, ದಿನಾಂಕ, ಸಹಿಯೊಂದಿಗೆ ಕನ್ನಡದಲ್ಲಿ ಒಂದು ಪುಟದ ಚೀಟಿ ಕೊಡಬೇಕು, ದೂರು ಎಲ್ಲಿ ಸಲ್ಲಿಸಬೇಕೆಂದೂ ಅದರಲ್ಲಿ ಇರಬೇಕು. ಅದರ ಒಂದು ಪ್ರತಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಬೇಕು. ವಿದ್ಯಾರ್ಥಿಗಳ ಮೇಲ್ವಿಚಾರಣೆಗೆ ಪ್ರಾಧಿಕಾರದ ಪ್ಯಾನೆಲ್ ವಕೀಲರೊಬ್ಬರನ್ನು ನೇಮಿಸಬೇಕು, ಪ್ರತಿ ಕಡತ ಅವರ ಹೆಸರಿನಲ್ಲಿ ನಡೆಯಬೇಕು. ನಾಲ್ಕು ವಾರ ಮುಗಿದ ಮೇಲೆ ಬಾಕಿ ಕಡತಗಳು ಕಾಲೇಜಿನ ಕಾನೂನು ನೆರವು ಕೇಂದ್ರಕ್ಕೆ ಪಟ್ಟಿ ಸಮೇತ ಹಸ್ತಾಂತರವಾಗಬೇಕು. ಹೀಗೆ ಎರಡು ಮೂರು ಬೇಸಿಗೆ ನಡೆದರೆ ಯಾವ ತಾಲ್ಲೂಕಿನಿಂದ ಯಾವ ಕಾರಣಕ್ಕೆ ನಿರಾಕರಣೆ ಹೆಚ್ಚು ಎಂಬುದರ ದಾಖಲೆ ಸಿದ್ಧವಾಗುತ್ತದೆ. ಒಬ್ಬೊಬ್ಬರ ಅರ್ಜಿಯಿಂದ ಆಗದ್ದನ್ನು ಕೇಳಲು ಕಲಬುರಗಿ ಪೀಠದ ಮುಂದೆ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಹಾಕುವವರ ಕೈಗೆ ಆಗ ಬರೀ ಪತ್ರಿಕಾ ತುಣುಕುಗಳ ಬದಲು ಸಹಿ ಇರುವ ಚೀಟಿಗಳು ಸಿಗುತ್ತವೆ.